ಊರಲ್ಲೇ ಕೂತು ಪುಣೆಗೆ ರೊಟ್ಟಿ ಮಾರೋದು ಹೇಗೆ

ಶನಿವಾರ ಬೆಳಗಿನ ಐದೂವರೆಗೆ ನಾನು ಪುಣೆಯ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಿಂತಿರುತ್ತೇನೆ. ವಿಜಯಪುರದ ಬಸ್ಸು ಬಂದ ಮೇಲೆ ಕಂಡಕ್ಟರ್ ಡಿಕ್ಕಿ ತೆಗೆದು ಮೂರು ರಟ್ಟಿನ ಡಬ್ಬ ಇಳಿಸುತ್ತಾರೆ. ಮೂರರ ಮೇಲೂ ನಮ್ಮ ವೈನಿಯ, ಅಂದರೆ ಅತ್ತಿಗೆಯ ಕೈಬರಹ, ದಪ್ಪ ಸ್ಕೆಚ್ ಪೆನ್ನಿನಲ್ಲಿ: "ರೊಟ್ಟಿ ಅದಾವ್ರಿ, ಮ್ಯಾಲ ಏನೂ ಇಡಬ್ಯಾಡ್ರಿ." ನಾನು ಅಲ್ಲೇ ಡಬ್ಬ ಎತ್ತಿ ಕಿವಿ ಹತ್ತಿರ ಹಿಡಿದು ಸ್ವಲ್ಪ ಅಲ್ಲಾಡಿಸುತ್ತೇನೆ. ಗಲಗಲ ಅಂದರೆ ಪುಡಿಯಾಗಿದೆ ಅಂತ ಅರ್ಥ. ಸದ್ದಿಲ್ಲದಿದ್ದರೆ ಬಚಾವ್. ಆಮೇಲೆ ಮೆಟ್ರೋ ಹಿಡಿದು ಪಿಂಪ್ರಿ ಕಡೆ.

ನಾನು ಪುಣೆ ಹತ್ತಿರದ ಚಾಕಣದ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಊರು ಇಂಡಿ ತಾಲೂಕಿನ ಒಂದು ಹಳ್ಳಿ. ದಿನಕ್ಕೆ ಎರಡೇ ಬಸ್ಸು, ಬ್ಯಾಂಕು ಬೇಕಂದರೆ 14 ಕಿಲೋಮೀಟರ್ ಹೋಗಬೇಕು. ವೈನಿ ಮತ್ತು ಅವರ ಸಂಘದವರು, ಒಟ್ಟು 11 ಹೆಂಗಸರು, ನಾಲ್ಕು ವರ್ಷದಿಂದ ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ಕಳಿಸುತ್ತಿದ್ದಾರೆ. ಇಲ್ಲಿ ಮಾರೋ ಕೆಲಸ ನನ್ನದು ಮತ್ತು ನನ್ನ ಹೆಂಡತಿಯದು. ಪುಣೆ, ಮುಂಬೈಯಲ್ಲಿರುವ ನಮ್ಮ ಕಡೆಯವರು ಸಿಕ್ಕಾಗಲೆಲ್ಲ "ನಮ್ಮೂರಾಗೂ ಇಂಥದ್ದೊಂದು ಸುರು ಮಾಡಬೇಕಲ್ಲೋ, ಹೆಂಗ ಮಾಡೂದು?" ಅಂತ ಕೇಳುತ್ತಾರೆ. ಪ್ರತಿ ಸಲ ಅರ್ಧ ತಾಸು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಮ್ಮೆ ಕೂತು ಬರೆಯುತ್ತಿದ್ದೇನೆ. ರೊಟ್ಟಿಯ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮೂರಲ್ಲಿ ಬೇರೆ ಏನೋ ಇರಬಹುದು, ಲೆಕ್ಕಾಚಾರ ಹೆಚ್ಚುಕಡಿಮೆ ಇದೇ.

ಮಷೀನ್ ಆಮೇಲೆ, ಗಿರಾಕಿ ಮೊದಲು

ಎಲ್ಲರೂ ಮೊದಲು ಕೇಳೋದು ಸಾಲ ಎಲ್ಲಿ ಸಿಗುತ್ತೆ, ಮಷೀನ್ ಎಷ್ಟು ಅಂತ. ಅಲ್ಲೇ ದಾರಿ ತಪ್ಪೋದು.

ನಮ್ಮ ಪಕ್ಕದ ಊರಲ್ಲಿ ಒಂದು ಸಂಘದವರು ಸಾಲ ತೆಗೆದು ರೊಟ್ಟಿ ಮಷೀನ್ ತಂದರು. ಪೂಜೆ ಆಯಿತು, ಫೋಟೋ ಆಯಿತು, ಊರಿಗೆಲ್ಲ ಪೇಡೆ ಹಂಚಿದರು. ಅದಕ್ಕೆ ತ್ರೀ ಫೇಸ್ ಕರೆಂಟು ಬೇಕಿತ್ತು. ಊರಲ್ಲಿ ತ್ರೀ ಫೇಸ್ ಬರೋದು ಪಂಪ್‌ಸೆಟ್ಟಿಗೆ ಅಂತ, ಅದೂ ದಿನಕ್ಕೆ ಕೆಲವೇ ತಾಸು, ಒಮ್ಮೆ ರಾತ್ರಿ, ಒಮ್ಮೆ ಹಗಲು. ಸರಿ, ಅದನ್ನೂ ಹೇಗೋ ಸಂಭಾಳಿಸಿದರು. ಮಷೀನು ತಾಸಿಗೆ ನೂರಾರು ರೊಟ್ಟಿ ಮಾಡಿತು. ತಿನ್ನೋರು ಯಾರು? ಊರಲ್ಲಿ ಪ್ರತಿ ಮನೆಯಲ್ಲೂ ರೊಟ್ಟಿ ಬಡಿಯುತ್ತಾರೆ, ದುಡ್ಡು ಕೊಟ್ಟು ಯಾರು ತಗೋತಾರೆ? ಈಗ ಆ ಮಷೀನಿನ ಮೇಲೆ ಗೋಣಿತಟ್ಟು ಹೊದಿಸಿದ್ದಾರೆ, ಅದರ ಮೇಲೆ ಕೋಳಿ ಮಲಗುತ್ತೆ. ಕಂತು ಮಾತ್ರ ನಿಂತಿಲ್ಲ.

ಹಾಗಾಗಿ ಮೊದಲ ಕೆಲಸ, ಒಂದು ನೋಟ್‌ಬುಕ್ಕು ತಗೊಳ್ಳಿ. ನಿಮ್ಮ ಊರಿಂದ ಯಾರ್ಯಾರು ಯಾವ ಊರಿಗೆ ದುಡಿಯಲು ಹೋಗಿದ್ದಾರೆ ಬರೆಯಿರಿ. ಅವರ ಬೀಗರು, ಅವರ ಕೆಲಸದ ಜಾಗದ ಗೆಳೆಯರು, ಎಲ್ಲ. ಎಷ್ಟೇ ಹಿಂದುಳಿದ ಹಳ್ಳಿಯಾಗಲಿ, ಐವತ್ತು ಹೆಸರಾದರೂ ಸಿಗುತ್ತೆ. ನಮ್ಮ ಪಟ್ಟಿಯಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಾಡ ಸೇರಿ 46 ಮನೆ ಬಂತು. ಭೋಸರಿಯಲ್ಲಿ ಲೇತ್ ಮಷೀನ್ ಮೇಲೆ ಇರುವವರು, ಹಡಪಸರದಲ್ಲಿ ಕಟ್ಟಡದ ಕೆಲಸ ಮಾಡುವವರು, ಹಿಂಜವಡಿಯ ಸಾಫ್ಟ್‌ವೇರ್ ಹುಡುಗರು, ಹೀಗೆ.

ಆಮೇಲೆ ಮನೆಯಲ್ಲಿರೋ ಹಂಚಿನ ಮೇಲೇ 20 ಪ್ಯಾಕೆಟ್ ಮಾಡಿ ಕಳಿಸಿ. ಪುಕ್ಕಟೆ ಕೊಡಬೇಡಿ. ಪುಕ್ಕಟೆ ಕೊಟ್ಟರೆ ಎಲ್ಲರೂ "ಭಾರಿ ಅದಾವ" ಅಂತಾರೆ. ದುಡ್ಡು ಕೇಳಿದಾಗಲೇ ನಿಜ ಹೊರಗೆ ಬರೋದು. ನಮ್ಮ 46 ಮನೆಯಲ್ಲಿ ಮೊದಲ ತಿಂಗಳು 17 ಮನೆಯವರು ತಗೊಂಡರು. ಎರಡನೇ ಸಲ ಅವರಾಗಿಯೇ ಫೋನ್ ಮಾಡಿ ತರಿಸಿಕೊಂಡವರು 9. ಈ 9 ಅನ್ನೋ ಸಂಖ್ಯೆ ನೋಡಿಯೇ ನಾವು ಮುಂದುವರಿದದ್ದು. ಮೊದಲ ಸಲ ಊರಿನ ಮೇಲಿನ ಪ್ರೀತಿಗೆ ತಗೋತಾರೆ, ಎರಡನೇ ಸಲ ನಾಲಿಗೆಗೆ ಹಿಡಿಸಿದರೆ ಮಾತ್ರ.

ಯಾವ ಮಾಲು ಆರಿಸಬೇಕು ಅನ್ನೋದಕ್ಕೂ ಒಂದು ಮಾತು. ಬಸ್ಸಿನ ಡಿಕ್ಕಿಯಲ್ಲಿ ಒಂದು ರಾತ್ರಿ ಕಳೆದು ಗಿರಾಕಿಯ ಮನೆಯಲ್ಲಿ ಕಡಿಮೆ ಅಂದರೂ ಮೂರು ವಾರ ಉಳಿಯಬೇಕು. ಮೆತ್ತನೆ ರೊಟ್ಟಿ ಮರುದಿನಕ್ಕೇ ಬೂಸ್ಟು. ಹೋಳಿಗೆ ಕಳಿಸಿ ನೋಡಿದೆವು, ಮೂರನೇ ದಿನ ಹುಳಿವಾಸನೆ, ಅವತ್ತಿಗೇ ಕೈಬಿಟ್ಟೆವು. ಕಡಕ್ ರೊಟ್ಟಿ ಉಳಿಯುತ್ತೆ. ಮಲೆನಾಡಿನವರಾದರೆ ಹಲಸಿನ ಹಪ್ಪಳ, ಶಿರಸಿ ಕಡೆಯವರಾದರೆ ಅಪ್ಪೆಮಿಡಿ ಉಪ್ಪಿನಕಾಯಿ ಇದೆ. ಕೌದಿ ಹೊಲಿಯೋ ಹೆಂಗಸರಿದ್ದರೆ ಅದಕ್ಕಂತೂ ಕೆಡೋ ಭಯವೇ ಇಲ್ಲ. ಬೆಳಗಾವಿ ಕಡೆಯವರಿಗೆ ಗೋವಾ ಹತ್ತಿರ, ಅಲ್ಲಿನ ತರಕಾರಿ ದಿನಾ ಬೆಳಗಾವಿಯಿಂದಲೇ ಹೋಗುತ್ತೆ, ಆ ಗಾಡಿಯವರ ಪರಿಚಯ ಮಾಡಿಕೊಂಡರೆ ಸಾಗಣೆಯ ಅರ್ಧ ತಲೆನೋವು ಕಳೆದ ಹಾಗೆ.

ನಿಮ್ಮ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದರೆ ನಾವು ಮೂರು ತಿಂಗಳು ಮೂರ್ಖರಾದದ್ದು ಇಲ್ಲೇ.

ಶುರುವಿನಲ್ಲಿ ವೈನಿ ಒಂದು ರೊಟ್ಟಿಗೆ 5 ರೂಪಾಯಿ ಅಂದರು. ಅವರ ಲೆಕ್ಕ ಹೀಗಿತ್ತು: 100 ರೊಟ್ಟಿಗೆ 4 ಕೆಜಿ ಜೋಳ, ಕೆಜಿಗೆ 50ರ ಹಾಗೆ 200. ಗಿರಣಿಗೆ 20. ಗ್ಯಾಸು, ಕಟ್ಟಿಗೆ ಸೇರಿ 60. ಒಟ್ಟು 280. ಮಾರಿದರೆ 500. ಉಳಿದದ್ದು 220, "ಲಾಭ ನೋಡೋ ಎಷ್ಟು ಐತಿ!" ಅಂತ ಖುಷಿ.

ನಾನು ಸ್ಟೋರಿನಲ್ಲಿ ಕೆಲಸ ಮಾಡೋ ಮನುಷ್ಯ, ಒಂದು ಬೋಲ್ಟು ಕಡಿಮೆ ಬಂದರೂ ನಿದ್ದೆ ಬರಲ್ಲ. ದೀಪಾವಳಿಗೆ ಊರಿಗೆ ಹೋದಾಗ ಕೂತು ಎಲ್ಲ ಬರೆದೆ. ಪೌಚು, ಲೇಬಲ್ಲು 60. ಡಬ್ಬ ಮತ್ತು ಬಸ್ಸಿನ ಲಗೇಜು 100. ಅಲ್ಲಿಗೆ ಕೈಯಿಂದ ಹೋದದ್ದು 440. ನೂರರಲ್ಲಿ 5 ರೊಟ್ಟಿ ದಾರಿಯಲ್ಲಿ ಒಡೆಯುತ್ತವೆ, ಮಾರೋದು 95. ಐದರ ಹಾಗೆ 475 ಬಂತು. ಅಂದರೆ ಉಳಿದದ್ದು 35 ರೂಪಾಯಿ. ಐದು ತಾಸು ಒಲೆ ಮುಂದೆ ಬೆಂದದ್ದಕ್ಕೆ 35! ವೈನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದಕ್ಕಿಂತ ಕಸ ತಗಿಯಾಕ ಹ್ವಾದ್ರ ಛಲೋ ಇತ್ತಲ್ಲ" ಅಂದರು.

ಅಷ್ಟೇ, ಅಳತೆಗೋಲು ಅಲ್ಲೇ ಇತ್ತು. ಹೊಲಕ್ಕೆ ಹೋದರೆ ಸಿಗೋ ಕೂಲಿ ಇಲ್ಲೂ ಸಿಗಬೇಕು, ಅದನ್ನು ಖರ್ಚು ಅಂತಲೇ ಬರೆಯಬೇಕು. ನಾವು ಒಂದು ರೊಟ್ಟಿಗೆ 2 ರೂಪಾಯಿ ಬಡಿಯೋ ಕೂಲಿ ಹಿಡಿದೆವು, ನೂರಕ್ಕೆ 200. ಆಗ ಖರ್ಚು 640, ಅದನ್ನು 95ರಿಂದ ಭಾಗಿಸಿದರೆ ಒಂದು ರೊಟ್ಟಿಯ ಅಸಲು 6 ರೂಪಾಯಿ 74 ಪೈಸೆ. ಹತ್ತು ರೊಟ್ಟಿಯ ಪ್ಯಾಕೆಟ್ಟಿಗೆ 90 ರೂಪಾಯಿ ಇಟ್ಟೆವು. ನಾವೇ ನೇರವಾಗಿ ಮಾರಿದರೆ ನೂರು ರೊಟ್ಟಿಗೆ ಕೂಲಿ ಕಳೆದು ಸುಮಾರು 215 ಸಂಘಕ್ಕೆ ಉಳಿಯುತ್ತೆ. ಅಂಗಡಿಯವರಿಗೆ 75ಕ್ಕೆ ಕೊಟ್ಟರೆ ಸುಮಾರು 70 ಉಳಿಯುತ್ತೆ. ದರ ಏರಿಸಿದಾಗ ನಾಲ್ಕು ಗಿರಾಕಿ ಬಿಟ್ಟು ಹೋದರು. ಹೋಗಲಿ ಬಿಡಿ. ಉಳಿದವರು ಇನ್ನೂ ಇದ್ದಾರೆ.

ನಿಮ್ಮ ಅಂಕಿ ಬೇರೆ ಬರುತ್ತೆ. ಜೋಳದ ದರ ಸುಗ್ಗಿಗೆ ಒಂದು, ಮಳೆಗಾಲಕ್ಕೆ ಇನ್ನೊಂದು. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚ್ ಹೊತ್ತಿಗೆ ರಾಶಿಯಾಗುತ್ತೆ, ಆಗ ವರ್ಷದ ಅರ್ಧ ಜೋಳವಾದರೂ ತಗೊಂಡು ಇಟ್ಟರೆ ಒಳ್ಳೆಯದು. ನಾವು ಮಾಲ್ದಂಡಿ ತಳಿಯ ಜೋಳ ಬಿಟ್ಟು ಬೇರೆ ತಗೊಳ್ಳಲ್ಲ, ಅದರ ಹಿಟ್ಟಿಗೆ ಜಿಗಿ ಚೆನ್ನಾಗಿರುತ್ತೆ, ರೊಟ್ಟಿ ತೆಳ್ಳಗೆ ಬಡಿದರೂ ಅಂಚು ಸೀಳಲ್ಲ.

ಹನ್ನೊಂದು ಮನೆ, ಒಂದೇ ರೊಟ್ಟಿ

ಮನೆ ಮನೆಯಲ್ಲಿ ಮಾಡಿದರೆ ಒಬ್ಬರದು ದಪ್ಪ, ಒಬ್ಬರದು ತೆಳ್ಳಗೆ, ಒಬ್ಬರದು ಕರಿಕು. ಗಿರಾಕಿಗೆ ಇದು ಬೇಡ. ಹೋದ ಸಲ ತಿಂದದ್ದೇ ಈ ಸಲವೂ ಬೇಕು.

ಇದಕ್ಕೆ ಉಪಾಯ ಮುಂಬೈಯಲ್ಲಿ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಲಿಜ್ಜತ್ ಪಾಪಡ್ ಗೊತ್ತಲ್ವಾ? 1959ರ ಮಾರ್ಚ್ 15ರಂದು ಗಿರಗಾಂವ್‌ನ ಒಂದು ಕಟ್ಟಡದ ತಾರಸಿ ಮೇಲೆ ಏಳು ಹೆಂಗಸರು 80 ರೂಪಾಯಿ ಸಾಲ ತಗೊಂಡು ಶುರು ಮಾಡಿದ್ದು. ಮೊದಲ ದಿನ ಮಾಡಿದ್ದು ನಾಲ್ಕೇ ಪ್ಯಾಕೆಟ್ಟು. ಅವರು ಹಿಟ್ಟನ್ನು ಒಂದೇ ಕಡೆ ಕಲಸುತ್ತಾರೆ, ಹೆಂಗಸರು ಅದನ್ನು ಮನೆಗೆ ಒಯ್ದು ಲಟ್ಟಿಸಿ ಒಣಗಿಸಿ ತರುತ್ತಾರೆ, ತಂದ ಹಪ್ಪಳ ನೋಡಿ ತೂಗಿ ತಗೋತಾರೆ, ಕೂಲಿ ಕೊಡ್ತಾರೆ. ರುಚಿ ಒಂದೇ ಕಡೆಯಿಂದ, ದುಡಿಮೆ ನೂರು ಕಡೆಯಿಂದ.

ಜೋಳದ ಹಿಟ್ಟು ಕಲಸಿ ಇಟ್ಟರೆ ಬರಲ್ಲ, ಎಸರು ಹಾಕಿ ಆಗಲೇ ನಾದಿ ಆಗಲೇ ಬಡಿಯಬೇಕು. ಆದ್ದರಿಂದ ನಾವು ಸ್ವಲ್ಪ ಬದಲಿಸಿಕೊಂಡೆವು. ಜೋಳ ಒಂದೇ ಕಡೆ ಕೊಳ್ಳೋದು, ವೈನಿ ಮನೆಯಲ್ಲಿ ಹಸನು ಮಾಡೋದು, ಬುಧವಾರ ಒಂದೇ ಗಿರಣಿಯಲ್ಲಿ ಬೀಸಿಸೋದು, ಹಿಟ್ಟು ತೂಗಿ ಹಂಚೋದು. ಮೂರು ದಿನಕ್ಕಿಂತ ಹಳೆ ಹಿಟ್ಟು ಬಳಸಬಾರದು, ಕಮಟು ವಾಸನೆ ಬರುತ್ತೆ. ಅಳತೆಗೆ ಒಂದು ಸ್ಟೀಲ್ ತಟ್ಟೆ: ರೊಟ್ಟಿ ಅದರ ಅಂಚಿಗೆ ಸರಿಯಾಗಿರಬೇಕು. ಹತ್ತು ರೊಟ್ಟಿಯ ತೂಕಕ್ಕೆ ಸಂಘದಲ್ಲಿ ಒಂದು ಸಣ್ಣ ತಕ್ಕಡಿ. ಜಾಸ್ತಿ ತೂಗಿದರೆ ದಪ್ಪ ಆಗಿದೆ ಅಂತ ವಾಪಸು, ಮನೆಮಂದಿ ತಿನ್ನಲಿ.

ಪ್ರತಿ ಮನೆಗೂ ಒಂದು ನಂಬರ್ ಕೊಟ್ಟಿದ್ದೇವೆ, 1ರಿಂದ 11. ಲೇಬಲ್ ಮೇಲಿನ ಬ್ಯಾಚ್ ನಂಬರಿನ ಕೊನೆಗೆ ಇರೋದು ಅದೇ. ಇಲ್ಲಿ ಯಾರಾದರೂ ದೂರು ಹೇಳಿದರೆ ಯಾವ ಹಂಚಿನದು ಅಂತ ಅಲ್ಲಿಗೆ ಗೊತ್ತಾಗುತ್ತೆ. ಮೊದಮೊದಲು ಇದಕ್ಕೆ ಜಗಳ ಆಯಿತು, ಈಗ ಅದೇ ನಂಬರಿನ ಮೇಲೆ ಪೈಪೋಟಿ.

ಪ್ಯಾಕಿಂಗು

ರೊಟ್ಟಿ ಹಂಚಿನಿಂದ ಇಳಿದ ಮೇಲೆ ಸಣ್ಣ ಉರಿಯ ಪಕ್ಕ ನಿಲ್ಲಿಸಿ ಒಣಗಿಸುತ್ತಾರೆ, ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಇನ್ನೂ ನೀರಿದೆ. ಪೂರ್ತಿ ಆರಿದ ಮೇಲೇ ಪೌಚಿಗೆ. ಬಿಸಿಯಿದ್ದಾಗ ತುಂಬಿದರೆ ಒಳಗೆ ಬೆವರು ಕಟ್ಟುತ್ತೆ, ಎಂಟೇ ದಿನದಲ್ಲಿ ಬೂಸ್ಟು. ಹತ್ತರ ಕೆಳಗೊಂದು ಮೇಲೊಂದು ಗುಂಡಗೆ ಕತ್ತರಿಸಿದ ಬಿಳಿ ರಟ್ಟು, ಆಮೇಲೆ ಕೈಯಲ್ಲಿ ಒತ್ತೋ ಸೀಲಿಂಗ್ ಮಷೀನು. ನಾವು ಕೊಂಡ ಮೊದಲ "ಮಷೀನು" ಅದೇ, ಎರಡು ಸಾವಿರದೊಳಗೆ ಬಂತು. ಹಳೆ ಪೇಪರಿನಲ್ಲಿ ರೊಟ್ಟಿ ಸುತ್ತಬೇಡಿ, ಮುದ್ರಣದ ಶಾಯಿ ಹೊಟ್ಟೆಗೆ ಹೋಗುತ್ತೆ. ಪೌಚಿನ ಹೊರಗೆ ಡಬ್ಬದ ಸಂದಿ ತುಂಬಲು ಬೇಕಾದರೆ ಬಳಸಿ.

ಎರಡನೇ ವರ್ಷದ ಜುಲೈನಲ್ಲಿ ಬಸ್ಸಿನ ಡಿಕ್ಕಿಗೆ ಮಳೆ ನೀರು ನುಗ್ಗಿ 42 ಪ್ಯಾಕೆಟ್ ಹಾಳಾದವು. ಗಿರಾಕಿಗಳಿಗೆಲ್ಲ ದುಡ್ಡು ವಾಪಸು ಮಾಡಿದೆವು, ನೋವಾಯಿತು, ಆದರೆ ಅವರಲ್ಲಿ ಒಬ್ಬರೂ ಬಿಟ್ಟು ಹೋಗಲಿಲ್ಲ. ಅವತ್ತಿನಿಂದ ಡಬ್ಬದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ. ಜೂನ್‌ನಿಂದ ಆಗಸ್ಟ್‌ವರೆಗೆ ರೊಟ್ಟಿ ಅರ್ಧಕ್ಕೆ ಇಳಿಸಿ ಹಿಂಡಿ ಜಾಸ್ತಿ ಮಾಡುತ್ತೇವೆ. ಪುಣೆ ಪರವಾಗಿಲ್ಲ, ಮುಂಬೈ ಮಳೆಗಾಲದಲ್ಲಿ ಪೌಚು ತೆರೆದ ಎರಡನೇ ದಿನಕ್ಕೆ ರೊಟ್ಟಿ ಮೆತ್ತಗೆ. "ಹಂಚಿನ ಮೇಲೆ ಒಂದು ನಿಮಿಷ ಇಡಿ" ಅಂತ ಲೇಬಲ್ ಮೇಲೇ ಅಚ್ಚು ಹಾಕಿಸಿದ್ದೇವೆ.

ಹಿಂಡಿಗೆ ಶೇಂಗಾ ಆರಿಸೋದರಲ್ಲಿ ಸೋಮಾರಿತನ ಬೇಡ. ಬೂಸ್ಟು ಹಿಡಿದ, ಮುರುಟಿದ, ಬಣ್ಣ ಕೆಟ್ಟ ಕಾಳು ಒಂದೊಂದಾಗಿ ತೆಗೆಯಬೇಕು. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಹುರಿದರೆ ಪೂರ್ತಿ ಹೋಗಲ್ಲ.

ಕಾಗದಪತ್ರ

ಇದಕ್ಕೆ ಹೆದರಿ ಕೂರೋರೇ ಜಾಸ್ತಿ. ಅಷ್ಟೇನಿಲ್ಲ.

ತಿನ್ನೋ ವಸ್ತು ಮಾರೋದಾದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕೇ ಬೇಕು. ನಾವು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದೊಳಗಿನ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಆನ್‌ಲೈನ್‌ನಲ್ಲೇ ಆಗುತ್ತೆ. 14 ಅಂಕಿಯ ನಂಬರ್ ಬರುತ್ತೆ, ಅದು ಲೇಬಲ್ ಮೇಲೆ ಇರಬೇಕು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲಾಗೋ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಪೂರ್ತಿ ಉಚಿತ. ಸರ್ಕಾರಿ ತಾಣದ ಹಾಗೇ ಕಾಣೋ ಖಾಸಗಿ ತಾಣಗಳು ಒಂದೆರಡು ಸಾವಿರ ಕೇಳುತ್ತವೆ, ನಮ್ಮ ಸಂಘದ ಒಬ್ಬ ಅಕ್ಕನ ಮಗ ಹಾಗೇ 1,500 ಕಳೆದುಕೊಂಡ. ತಾಣದ ವಿಳಾಸದ ಕೊನೆಗೆ gov.in ಇದೆಯಾ ನೋಡಿ.

ಲೇಬಲ್ ಮೇಲೆ ಏನಿರಬೇಕು: ವಸ್ತುವಿನ ಹೆಸರು, ಏನೇನು ಹಾಕಿದ್ದೀರಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಎಂಆರ್‌ಪಿ, ವಿಳಾಸ, ದೂರಿಗೆ ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಕೆಲವರಿಗೆ ಅಲರ್ಜಿ, ಹಾಗಾಗಿ ಅದು ಇದೆ ಅಂತ ಬೇರೆಯಾಗಿ ಬರೆಯಲೇಬೇಕು. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು ಅನ್ನೋದು ನಿಯಮ, ಅದರ ಜೊತೆಗೆ ಕನ್ನಡ ಎಷ್ಟು ಬೇಕಾದರೂ ಹಾಕಿ. ನಾವು ಮೊದಲು ಬರೀ ಕನ್ನಡದಲ್ಲಿ 500 ಲೇಬಲ್ ಅಚ್ಚು ಹಾಕಿಸಿ ದಂಡ ಮಾಡಿಕೊಂಡೆವು.

ಜಿಎಸ್‌ಟಿ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕರ್ನಾಟಕದೊಳಗೇ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ. ಆದರೆ ತೆರಿಗೆ ಇರೋ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ. ರೊಟ್ಟಿ, ಚಪಾತಿ ಮೇಲಿದ್ದದ್ದೂ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಯಿತು. ಚಟ್ನಿಪುಡಿಗೆ ಇದೆ. ಹಾಗಾಗಿ ಹಿಂಡಿಗೋಸ್ಕರ ನಾವು ನೋಂದಣಿ ಮಾಡಿಸಿದ್ದೇವೆ, ಇಂಡಿಯಲ್ಲಿ ಒಬ್ಬ ಅಕೌಂಟೆಂಟ್ ತಿಂಗಳಿಗೆ 300 ತಗೊಂಡು ರಿಟರ್ನ್ ತುಂಬುತ್ತಾರೆ. ಶುರುವಿಗೆ ಈ ಗೋಜು ಬೇಡ ಅನ್ನಿಸಿದರೆ ಬರೀ ರೊಟ್ಟಿ, ಹಪ್ಪಳದಿಂದ ಶುರು ಮಾಡಿ.

ಸಾಲ, ಸಹಾಯಧನ

ಆರು ತಿಂಗಳು ಮಾರಿ, ಗಿರಾಕಿ ಹೆಚ್ಚಾಗಿ, ಕೈಯಲ್ಲಿ ಪೂರೈಸಲಾಗದ ಸ್ಥಿತಿ ಬಂದಾಗ ಮಾತ್ರ ಇದನ್ನು ಓದಿ.

ಮುದ್ರಾ ಯೋಜನೆ 2015ರಿಂದ ಇದೆ. ಅದರಲ್ಲಿ "ಶಿಶು" ಅನ್ನೋದು 50,000ದವರೆಗೆ, ಅಡಮಾನ ಇಲ್ಲ. ನಮ್ಮಂಥವರಿಗೆ ಇದು ಸಾಕು. ಆಹಾರ ತಯಾರಿಕೆಗೇ ಮೀಸಲಾದದ್ದು 2020ರಲ್ಲಿ ಬಂದ ಪಿಎಂಎಫ್‌ಎಂಇ: ಕೇಂದ್ರದ್ದು 35 ಶೇಕಡಾ ಸಹಾಯಧನ, ಕರ್ನಾಟಕದಲ್ಲಿ ರಾಜ್ಯದ 15 ಸೇರಿಸಿ 50 ಶೇಕಡಾ, ಗರಿಷ್ಠ 15 ಲಕ್ಷ. ಸಂಘದ ಸದಸ್ಯರಿಗೆ ತಲಾ 40,000ದವರೆಗೆ ಬೀಜಧನ, ಅಂದರೆ ಶುರುವಿನ ಬಂಡವಾಳವೂ ಅದರಲ್ಲಿದೆ. ಈಗ ಅರ್ಜಿ ತಗೋತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಅರ್ಜಿ, ಯೋಜನಾ ವರದಿ ಮಾಡಿಕೊಡಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿರುತ್ತಾರೆ, ಅವರಿಗೆ ದುಡ್ಡು ಸರ್ಕಾರವೇ ಕೊಡುತ್ತೆ. ನಿಮ್ಮ ಹತ್ತಿರ ಕಮಿಷನ್ ಕೇಳಿದವರು ಅವರಲ್ಲ, ನಡುವಿನ ದಲ್ಲಾಳಿ.

ಒಂದು ಎಚ್ಚರಿಕೆ. "ಅರ್ಧ ಮಾಫಿ" ಅಂತ ಊರಲ್ಲಿ ಹೇಳುತ್ತಾರೆ, ಹಾಗೆ ಕೈಗೆ ದುಡ್ಡು ಬರಲ್ಲ. ಸಹಾಯಧನವನ್ನು ಬ್ಯಾಂಕು ಮೂರು ವರ್ಷ ಬೇರೆ ಖಾತೆಯಲ್ಲಿ ಇಟ್ಟು, ಕಂತು ಸರಿಯಾಗಿ ಕಟ್ಟಿದ್ದರೆ ಮಾತ್ರ ಸಾಲಕ್ಕೆ ಹೊಂದಿಸುತ್ತೆ. ಜೊತೆಗೆ ನಿಮ್ಮ ಪಾಲು 10 ಶೇಕಡಾ ಮೊದಲೇ ಹಾಕಬೇಕು. ಯಾವುದಾದರೂ ಮಷೀನು ತಗೊಂಡರೆ ಸಿಂಗಲ್ ಫೇಸಿನಲ್ಲಿ ಓಡೋದೇ ತಗೊಳ್ಳಿ, ಕೋಳಿ ಮಲಗಿದ ಮಷೀನು ನೆನಪಿರಲಿ.

ತರಬೇತಿ ಬೇಕಾದರೆ ಆರ್‌ಸೆಟಿಗೆ, ಅಂದರೆ ಬ್ಯಾಂಕುಗಳು ನಡೆಸೋ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. ಹಳ್ಳಿಯವರಿಗೆ ಊಟ, ವಸತಿ ಸೇರಿ ಉಚಿತ. ಇದರ ಮೂಲ ನಮ್ಮ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್, ಅದನ್ನು ನೋಡಿಯೇ ದೇಶದ ತುಂಬ ಮಾಡಿದ್ದು. ನಮ್ಮ ಸಂಘದಿಂದ ಇಬ್ಬರು ಹೋಗಿ ಬಂದರು. ಅಡುಗೆ ಅವರಿಗೆ ಮೊದಲೇ ಬರುತ್ತಿತ್ತು, ಕಲಿತು ಬಂದದ್ದು ಲೆಕ್ಕ ಬರೆಯೋದು ಮತ್ತು ಮ್ಯಾನೇಜರ್ ಎದುರು ಹೆದರದೆ ಮಾತಾಡೋದು.

ದುಡ್ಡು ಯಾರ ಖಾತೆಗೆ?

ಸಂಘದ ಖಾತೆಗೆ. ಇದರಲ್ಲಿ ಎರಡು ಮಾತಿಲ್ಲ.

ನಾವು ಶುರುವಿನಲ್ಲಿ ನನ್ನ ಖಾತೆಗೆ ಹಾಕಿಸಿಕೊಂಡು, ತಿಂಗಳ ಕೊನೆಗೆ ಊರಿಗೆ ಕಳಿಸುತ್ತಿದ್ದೆವು. ಎರಡನೇ ತಿಂಗಳಿಗೇ ಊರಲ್ಲಿ "ಮೈದುನ ಪುಣೇದಾಗ ಕುಂತು ರೊಕ್ಕ ತಿಂತಾನ" ಅಂತ ಸುದ್ದಿ. ಸಿಟ್ಟು ಬಂತು ಹೌದು, ಆದರೆ ಅವರದೂ ತಪ್ಪಿಲ್ಲ, ಕಣ್ಣಿಗೆ ಕಾಣದ ದುಡ್ಡನ್ನು ಯಾರು ನಂಬುತ್ತಾರೆ? ಈಗ ಸಂಘದ ಹೆಸರಿನ ಕ್ಯೂಆರ್ ಕೋಡ್ ನನ್ನ ಫೋನಿನಲ್ಲಿದೆ, ಗಿರಾಕಿ ಅದಕ್ಕೇ ಹಾಕುತ್ತಾರೆ, ದುಡ್ಡು ಬಂದ ಮೆಸೇಜು ಊರಲ್ಲಿ ವೈನಿ ಫೋನಿಗೆ ಹೋಗುತ್ತೆ. ತೆಗೆಯಲು ಇಬ್ಬರ ಸಹಿ. ಕೂಲಿ ವಾರ ವಾರ ಅವರವರ ಖಾತೆಗೆ, ಗಂಡನ ಖಾತೆಗೆ ಬೇಡ ಅಂತ ಸಂಘದಲ್ಲೇ ಠರಾವು ಮಾಡಿಕೊಂಡಿದ್ದಾರೆ. ಲಾಭ ವರ್ಷಕ್ಕೊಮ್ಮೆ ಪಂಚಮಿ ಹಬ್ಬಕ್ಕೆ ಹಂಚಿಕೆ.

ಪುಣೆಯಲ್ಲಿ ಮಾರೋದು

ಬುಧವಾರ ರಾತ್ರಿ ಒಂಬತ್ತಕ್ಕೆ ಆರ್ಡರ್ ಬಂದ್. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಒಂದು ಪಟ್ಟಿ ಮಾಡಿ ವೈನಿಗೆ ಫೋನ್. ಗುರುವಾರ, ಶುಕ್ರವಾರ ಬಡಿಯುತ್ತಾರೆ, ಶುಕ್ರವಾರ ಸಂಜೆ ಡಬ್ಬ ಇಂಡಿಗೆ ಹೋಗಿ ಅಲ್ಲಿಂದ ವಿಜಯಪುರ, ರಾತ್ರಿ ಬಸ್ಸು, ಸೊಲ್ಲಾಪುರದ ಮೇಲೆ ಬೆಳಗಾದರೆ ಪುಣೆ. ಆರ್ಡರ್ ಬಂದಷ್ಟೇ ಮಾಡೋದರಿಂದ ಮಿಕ್ಕಿ ಹಾಳಾಗೋದು ಬಹಳ ಕಡಿಮೆ.

ಬರೀ ಕನ್ನಡಿಗರನ್ನೇ ನೆಚ್ಚಿಕೊಳ್ಳಬೇಡಿ. ಇದು ನನಗೆ ತಡವಾಗಿ ಹೊಳೆಯಿತು. ಸೊಲ್ಲಾಪುರ, ಲಾತೂರ ಕಡೆಯಿಂದ ಪುಣೆಗೆ ಬಂದ ಮರಾಠಿ ಮಂದಿ ಲೆಕ್ಕವಿಲ್ಲದಷ್ಟು, ಅವರೂ ಇದನ್ನೇ ತಿಂದು ಬೆಳೆದವರು, "ಕಡಕ್ ಭಾಕರಿ" ಅಂತಾರೆ ಅಷ್ಟೇ. ನಮ್ಮ ಸೊಸೈಟಿಯ ಒಬ್ಬ ಆಜಿ ಪ್ಯಾಕೆಟ್ ನೋಡಿ, ಒಂದು ರೊಟ್ಟಿ ಅಲ್ಲೇ ಮುರಿದು ಬಾಯಿಗೆ ಹಾಕಿ, ಒಳಗೆ ಹೋಗಿ 500ರ ನೋಟು ತಂದರು. ಈಗ ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಾಠಿಯವರೇ.

ಹಬ್ಬದ ಕ್ಯಾಲೆಂಡರ್ ಗೋಡೆಗೆ ಹಾಕಿಕೊಳ್ಳಿ. ಎಳ್ಳ ಅಮವಾಸ್ಯೆ ಬಂತೆಂದರೆ ಇಲ್ಲಿ ಯಾರಿಗೂ ಹೊಲ ಇಲ್ಲ, ಚರಗ, ಅಂದರೆ ಹೊಲದ ನೈವೇದ್ಯ ಚೆಲ್ಲೋಕೆ ಜಾಗ ಇಲ್ಲ, ಆದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬೇಕೇ ಬೇಕು. ಆ ಒಂದು ವಾರದಲ್ಲಿ ನಾವು ತಿಂಗಳಿನಷ್ಟು ಮಾರುತ್ತೇವೆ. ಪಂಚಮಿಗೆ ಶೇಂಗಾ ಉಂಡಿ ಹಾಗೇ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಒಂದು ಟೇಬಲ್ ಹಾಕಲು ಕೇಳಿ, ಹೆಚ್ಚಿನ ಕಡೆ ಬೇಡ ಅನ್ನಲ್ಲ.

ಅಂಗಡಿಗೆ ಉದ್ರಿ ಕೊಡೋ ಮೊದಲು ಹತ್ತು ಸಲ ಯೋಚನೆ ಮಾಡಿ. ಒಬ್ಬ ಅಂಗಡಿಯವರು 60 ಪ್ಯಾಕೆಟ್ ಇಳಿಸಿಕೊಂಡು, "ಮಾರಿದ ಮೇಲೆ ಕೊಡ್ತೀನಿ" ಅಂದರು. ಮಾರಿದರು. 4,500 ರೂಪಾಯಿಗೆ ಐದು ತಿಂಗಳು ಅಲೆದೆ, ಕೊನೆಗೆ 3,000 ಬಂತು, ಉಳಿದದ್ದಕ್ಕೆ ಹೋಗಿ ಬರೋ ಪೆಟ್ರೋಲೇ ಜಾಸ್ತಿ ಆಗುತ್ತೆ ಅಂತ ಬಿಟ್ಟೆ. ಈಗ ನಿಯಮ ಒಂದೇ: ಮೊದಲ ಸಲ 10 ಪ್ಯಾಕೆಟ್, ಅದರ ದುಡ್ಡು ಬಂದ ಮೇಲೇ ಮುಂದಿನ 10. ಇದಕ್ಕೆ ಒಪ್ಪಿದ ಮೂರು ಅಂಗಡಿ ಇವೆ, ಮೂರೂ ಚೆನ್ನಾಗಿ ನಡೆಯುತ್ತಿವೆ.

ಊರಿಗೆ ವಾಪಸು ಹೋಗೋ ಡಬ್ಬ ಖಾಲಿ ಕಳಿಸಬೇಡಿ. ಪೌಚು, ಟೇಪು, ಲೇಬಲ್ಲು ಪುಣೆಯ ರವಿವಾರ ಪೇಟೆಯಲ್ಲಿ ಸಗಟು ದರಕ್ಕೆ ಸಿಗುತ್ತವೆ, ಇಂಡಿಯಲ್ಲಿ ಬಿಡಿಯಾಗಿ ಕೊಳ್ಳೋದಕ್ಕಿಂತ ಎಷ್ಟೋ ಅಗ್ಗ. ಅದನ್ನೇ ತುಂಬಿ ಭಾನುವಾರ ರಾತ್ರಿ ಬಸ್ಸಿಗೆ ಹಾಕುತ್ತೇನೆ.

ಭಾನುವಾರ ಸಂಜೆ ಇನ್ನೊಂದು ಕೆಲಸವಿದೆ, ದೂರುಗಳನ್ನು ಓದಿ ಹೇಳೋದು. ಹೊಗಳಿಕೆ ಹೇಳಲ್ಲ, ಬರೀ ದೂರು. ಹೋದ ವಾರ ಚಿಂಚವಾಡದ ಒಬ್ಬ ಗಿರಾಕಿ ರೊಟ್ಟಿ ದಪ್ಪ ಇದ್ದವು, ಅಂಚು ಹಸಿ ಅಂತ ಬರೆದಿದ್ದರು. ಫೋನಿನಲ್ಲಿ ಓದಿದೆ.

"ಯಾರ ಮನೀವು ಅವು? ನಂಬರ್ ಹೇಳು, ನಾಳೆ ಕರದು ಕೇಳ್ತೀನಿ," ಅಂದರು ವೈನಿ, ಖಡಕ್ಕಾಗಿ.

"ಏಳು, ವೈನಿ."

ಆ ಕಡೆ ಸದ್ದಿಲ್ಲ. ಏಳು ಅವರದೇ ಮನೆ.

"ಅವತ್ತ ಕಟಗಿ ಹಸಿ ಇದ್ದೂ," ಅಂದರು. "ಮುಂದಿನ ದೂರ ಓದು."